ಒಂದು ಜಾಕೆಟ್ ಕಡಿಮೆ

ಜೂನ್ 17, 2025, ಮಂಗಳವಾರ

ಒಂದು ಜಾಕೆಟ್ ಕಡಿಮೆ ಇದೆ. ಬಂದದ್ದು 9,600, ಕತ್ತರಿಸಿದ್ದು 9,599. ಹೇಳಿದವರು ಕಟಿಂಗ್ ಶೆಡ್ಡಿನ ಫೋರ್‌ಮನ್ ಅಬೂಬಕ್ಕರ್ ಬ್ಯಾರಿ. ನಾನು ಮತ್ತೆ ಎರಡು ಸಲ ಎಣಿಸಿದೆ. ಅವರ ಲೆಕ್ಕ ಸರಿ.

ಮಾರ್ಚ್‌ನಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಸಿಟ್ಟು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪ ಕಿನ್ನಿಗೋಳಿ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಪೇಪರ್ ಏಜೆಂಟರಾಗಿದ್ದರು. ಯಾವ ಸುದ್ದಿ ಹೇಳಿದರೂ ಅವರ ಪ್ರಶ್ನೆ ಎರಡೇ: ಯಾರು ಹೇಳಿದ್ದು, ಯಾವತ್ತು? ಮತ್ತೆ, ನಾಳೆ ಓದುವವನಿಗೆ ನಿನ್ನೆಯದು ನೆನಪಿರುವುದಿಲ್ಲ, ಹಿನ್ನೆಲೆ ಹಾಕಬೇಕು ಎನ್ನುತ್ತಿದ್ದರು. ಹಾಕುತ್ತೇನೆ.

ನಮ್ಮ ಕಂಪನಿ ಗಲ್ಫಿನ ಜೆಬೆಲ್ ಅಲಿ ಬಂದರಿನಲ್ಲಿದೆ. ಬೇರೆ ದೇಶಗಳಲ್ಲಿ ಮಾರಾಟವಾಗದೆ ಉಳಿದ ಹೊಸ ಸಾಮಾನು ಇಲ್ಲಿಗೆ ಬರುತ್ತದೆ. ನಾವು ಎಣಿಸುತ್ತೇವೆ, ಯಾರೂ ಬಳಸಲಾಗದಂತೆ ಹಾಳು ಮಾಡುತ್ತೇವೆ, ಮರುಬಳಕೆಗೆ ಕಳಿಸುತ್ತೇವೆ, ಎಲ್ಲ ಮುಗಿಯಿತು ಎಂದು ಸರ್ಟಿಫಿಕೇಟ್ ಕೊಡುತ್ತೇವೆ. ಸರ್ಟಿಫಿಕೇಟಿಗೆ ಎಣಿಕೆಯ ಸಾಕ್ಷಿಯಾಗಿ ಸಹಿ ಹಾಕುವುದು ಡಾಕ್ಯುಮೆಂಟೇಶನ್ ನೋಡಿಕೊಳ್ಳುವ ನಾನು. ಈ ಸಲದ ಮಾಲು ಯುರೋಪಿನ ಒಂದು ಕಂಪನಿಯ ಚಳಿ ಜಾಕೆಟ್. ಕುತ್ತಿಗೆಯಿಂದ ಕೆಳಗಿನ ಅಂಚಿನವರೆಗೆ ಬೆನ್ನನ್ನು ಒಂದೇ ಗೀಟಿಗೆ ಸೀಳಬೇಕು. ಪ್ರತಿ ರಾಶಿಯ ಫೋಟೋದಲ್ಲಿ ಆ ದಿನದ ಪೇಪರ್ ಇಡಬೇಕು. ಪೇಪರ್ ಇಡುವ ಪದ್ಧತಿ ತಂದವಳು ನಾನೇ. ಫೋನಿನ ತಾರೀಕನ್ನು ಯಾರು ಬೇಕಾದರೂ ಬದಲಿಸಬಹುದು, ಅಚ್ಚಾದ ಪೇಪರಿನದನ್ನು ಬದಲಿಸಲಾಗುವುದಿಲ್ಲ. ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ಮನೆಯ ಕೆಳಗಿನ ಗ್ರೋಸರಿಯಲ್ಲಿ ದಿನಾ ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಇಂಗ್ಲಿಷ್ ಪತ್ರಿಕೆ ತೆಗೆದುಕೊಳ್ಳುತ್ತೇನೆ.

ಇಷ್ಟು ಶಿಸ್ತಿನ ಕೆಲಸದ ನಡುವೆ ಯಾರೋ ಒಬ್ಬ ಜಾಕೆಟ್ ಕದ್ದಿದ್ದಾನೆ. ಒಂದೇ ಆದರೂ ಕಳ್ಳತನ ಕಳ್ಳತನವೇ. ರಿಪೋರ್ಟ್ ಬರೆದು ಮ್ಯಾನೇಜರ್ ಶರ್ವಿನ್‌ಗೆ ಕಳಿಸಿದ್ದೇನೆ.

ಜೂನ್ 19, ಗುರುವಾರ

ಜಾಕೆಟ್ ಸಿಕ್ಕಿತು. ಕತ್ತರಿಸುವ ಆರು ಜನರಲ್ಲಿ ಒಬ್ಬನಾದ ಧರ್ಮಪಾಲನ ಲಾಕರಿನಲ್ಲಿ, ಊಟದ ಚೀಲದ ಅಡಿಯಲ್ಲಿ. ಎಲ್ ಸೈಜು, ಕಡು ನೀಲಿ. ಸೆಕ್ಯೂರಿಟಿಯವರು ತೆರೆಸಿದ್ದು, ನಾನು ಪಕ್ಕದಲ್ಲಿದ್ದೆ.

ಬೆಳ್ತಂಗಡಿ ಕಡೆಯವನು, ನಲವತ್ತು ದಾಟಿರಬಹುದು. ತಲೆ ಎತ್ತಲಿಲ್ಲ.

"ಬಾಯಮ್ಮ, ಹೇಗೂ ಹರಿಯುವುದೇ ಅಲ್ವಾ ಅದನ್ನು," ಎಂದ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು.

"ಹರಿಯುವುದಕ್ಕೆ ಕೊಟ್ಟದ್ದು, ಕೊಂಡುಹೋಗ್ಲಿಕ್ಕೆ ಅಲ್ಲ," ಎಂದೆ. "ಬೆಳ್ತಂಗಡಿಯಲ್ಲಿ ಎಂತ ಹಿಮ ಬೀಳ್ತದಾ ನಿಮಗೆ?"

ಸುತ್ತ ಇದ್ದವರು ನಕ್ಕರು.

ಶರ್ವಿನ್ ನಮ್ಮೂರಿನವನೇ, ಕಿನ್ನಿಗೋಳಿ ಇಗರ್ಜಿಯ ಪಕ್ಕದ ಮನೆ. ನನಗಿಂತ ಹದಿನೈದು ವರ್ಷ ಚಿಕ್ಕವನು. "ಬೆಟ್ಟಿ ಆಂಟಿ, ನಿಮ್ಮ ರಿಪೋರ್ಟ್ ಪರ್ಫೆಕ್ಟ್ ಉಂಟು, ಎಚ್‌ಆರ್‌ಗೆ ಇಷ್ಟು ಸಾಕು," ಎಂದ. ನಾನು ಬರೆದದ್ದು ನಾಲ್ಕು ಸಾಲು. ನಾಲ್ಕೂ ನಿಜ.

ಜೂನ್ 20, ಶುಕ್ರವಾರ

ಧರ್ಮಪಾಲನ ವೀಸಾ ಕ್ಯಾನ್ಸಲ್. ಎಚ್‌ಆರ್‌ನಿಂದ ಇಮೇಲ್, ಬೆಳಿಗ್ಗೆ 9.10ಕ್ಕೆ. ಸಿಕ್ಕಿದ ಜಾಕೆಟನ್ನು ಅವನ ಕೈಯಿಂದಲೇ ಕತ್ತರಿಸುವಂತೆ ಮಾಡಿದರು. ಪೇಪರ್ ಇಟ್ಟು ಫೋಟೋ ತೆಗೆದೆ. ಎಣಿಕೆ 9,600. ಸರಿಹೋಯಿತು.

ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ಜೂನ್ 28, ಶನಿವಾರ

ಧರ್ಮಪಾಲ ಜಾಕೆಟ್ ಇಟ್ಟುಕೊಂಡದ್ದು ತನಗಲ್ಲ, ಹೆಂಡತಿಯ ತಮ್ಮ ಚಂದುವಿಗೆ. ಹೇಳಿದ್ದು ಅಬೂಬಕ್ಕರ್, ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ. ಬೇಸಿಗೆಯಲ್ಲಿ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನ ಕೆಲಸ ಮಾಡಿಸಬಾರದು ಎಂದು ಕಾನೂನು. ಕಟಿಂಗ್ ಶೆಡ್ಡಿಗೆ ತಗಡಿನ ಮಾಡು, ಎರಡು ದೊಡ್ಡ ಫ್ಯಾನು. ಜಾಕೆಟ್ ಇಡುವ ಗೋದಾಮಿಗೆ ಏಸಿ, ದಿನವಿಡೀ ಇಪ್ಪತ್ತನಾಲ್ಕು ಡಿಗ್ರಿ. ಬಿಡುವಿನಲ್ಲಿ ಎಲ್ಲರೂ ಗೋದಾಮಿನ ಬಾಗಿಲ ಸಂದಿಗೆ ಬೆನ್ನು ಕೊಟ್ಟು ಕೂರುತ್ತಾರೆ. ನಾನೂ ಅಲ್ಲೇ ಬುತ್ತಿ ಬಿಚ್ಚುತ್ತೇನೆ.

"ಹಿಮ ಬೀಳ್ತದಾ ಅಂತ ಕೇಳಿದ್ರಲ್ಲ ಬಾಯಮ್ಮ," ಎಂದರು ಬ್ಯಾರಿ. "ಬೀಳ್ತದೆ. ಇಲ್ಲಿಂದ ಮೂರನೇ ರಸ್ತೆಯಲ್ಲೇ ಬೀಳ್ತದೆ."

ಅಲ್ಲೊಂದು ಕೋಲ್ಡ್ ಸ್ಟೋರ್ ಇದೆ. ಕೋಳಿ, ಮೀನು, ಐಸ್‌ಕ್ರೀಮು. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಚಂದು ಅಲ್ಲಿ ಪೆಟ್ಟಿಗೆ ಎತ್ತುವವನು. ಕಂಪನಿ ಕೊಟ್ಟ ಜಾಕೆಟ್ ಎರಡು ಪಾಳಿಗೆ ಒಂದೇ. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಒದ್ದೆಯಲ್ಲೇ ಹಾಕಿಕೊಳ್ಳಬೇಕು. ಹೊರಗೆ ಬಂದರೆ ನಲವತ್ತಾರು, ಒಳಗೆ ಹೋದರೆ ಮೈನಸ್ ಇಪ್ಪತ್ತು.

"ಅದನ್ನು ಆಗಲೇ ಹೇಳ್ಬಾರದಿತ್ತಾ ಅವನಿಗೆ?"

"ಹೇಳಿದ್ರೆ ನೀವು ರಿಪೋರ್ಟಲ್ಲಿ ಹಿನ್ನೆಲೆ ಅಂತ ಹಾಕ್ತಿದ್ರಿ. ಆಮೇಲೆ ಚಂದುವಿನ ಕೆಲಸಾನೂ ಹೋಗ್ತಿತ್ತು." ಕಿತ್ತಳೆ ಸುಲಿದು ಅರ್ಧ ನನ್ನ ಕಡೆ ನೂಕಿದರು. "ತಿನ್ನಿ, ತಿನ್ನಿ. ಎಣಿಸಿಯೇ ಕೊಟ್ಟದ್ದು, ಆರು ಸೊಳೆ."

ಸಿಟ್ಟು ಬಂದದ್ದು ಕೋಲ್ಡ್ ಸ್ಟೋರಿನವರ ಮೇಲೆ. ಇಬ್ಬರಿಗೆ ಒಂದು ಜಾಕೆಟ್ ಕೊಡುವವರು ಎಂಥ ಜನ? ಆ ರಸ್ತೆಯಲ್ಲಿ ಒಂದು ಸಾಲದೆ ಒದ್ದೆಯದನ್ನು ಹಂಚಿಕೊಳ್ಳುತ್ತಾರೆ. ಈ ರಸ್ತೆಯಲ್ಲಿ 9,600 ಕತ್ತರಿಸಿ ಹಾಕಿದ್ದೇವೆ.

ಸಂಜೆ ಶರ್ವಿನ್‌ನನ್ನು ಕೇಳಿಯೇಬಿಟ್ಟೆ: ಇಷ್ಟು ಯಾಕೆ ಉಳಿದವು?

"ಅಲ್ಲಿ ಈ ಸಲ ಚಳಿಯೇ ಬೀಳ್ಲಿಲ್ಲ ಆಂಟಿ. ಡಿಸೆಂಬರ್‌ನಲ್ಲಿ ಜನ ಶರ್ಟಲ್ಲಿ ತಿರುಗಾಡಿದ್ರಂತೆ."

"ಮತ್ತೆ ಅಷ್ಟು ಹೊಲಿಸಿದ್ದು ಯಾಕೆ?"

"ಜಾಸ್ತಿ ಹೊಲಿಸಿದ್ರೆ ಒಂದೊಂದಕ್ಕೆ ಕಮ್ಮಿ ಬೀಳ್ತದೆ. ಬೇಕಾದಷ್ಟೇ ಹೊಲಿಸುವುದು ದುಬಾರಿ."

"ರೇಟು ಇಳಿಸಿ ಮಾರ್ಲಿಕ್ಕೆ ಆಗ್ತದಲ್ಲ?"

"ಒಂದು ಸಲ ಇಳಿಸಿದ್ರೆ ಮುಂದಿನ ವರ್ಷ ಫುಲ್ ರೇಟಿಗೆ ಯಾರು ತಗೊಳ್ತಾರೆ? ಧರ್ಮಕ್ಕೆ ಕೊಟ್ರೂ ಅಷ್ಟೇ, ತಿರುಗಿ ಮಾರ್ಕೆಟಿಗೇ ಬರ್ತದೆ. ಕತ್ತರಿಸುವುದೇ ಚೀಪ್. ಇದೆಲ್ಲ ನಾನು ಮಾಡಿದ ರೂಲ್ ಅಲ್ಲ ಆಂಟಿ, ಇಡೀ ಜಗತ್ತು ಹೀಗೇ ನಡೀತದೆ."

ಸಿಟ್ಟಿಲ್ಲದೆ, ಹವಾಮಾನ ಹೇಳಿದಂತೆ ಹೇಳಿದ. ಬಸ್ಸಿನಲ್ಲಿ ಅದನ್ನೇ ಕ್ರಮವಾಗಿ ಜೋಡಿಸಿಕೊಂಡೆ. ಬಿಸಿ ಏರಿ ಚಳಿ ಬೀಳಲಿಲ್ಲ, ಅದಕ್ಕೆ ಜಾಕೆಟ್ ಉಳಿಯಿತು. ಉಳಿದದ್ದನ್ನು ಹಡಗಿನಲ್ಲಿ ಇಲ್ಲಿಗೆ ತಂದು, ಮರುಭೂಮಿಯಲ್ಲಿ ಏಸಿ ಹಾಕಿ ಜೋಪಾನ ಮಾಡಿ, ಆಮೇಲೆ ಸೀಳಿ, ಅಲ್ಲಿ ಮತ್ತೆ ಹೊಸದು ಹೊಲಿಸುತ್ತಾರೆ. ಇದರಿಂದ ಮುಂದಿನ ವರ್ಷದ ಚಳಿ ಇನ್ನೂ ಕಡಿಮೆಯಾಗುತ್ತದೆ. ಆಗ ಇನ್ನೂ ಹೆಚ್ಚು ಜಾಕೆಟ್ ಉಳಿಯುತ್ತವೆ. ನಮಗೆ ಕೆಲಸಕ್ಕೆ ಕೊರತೆಯಿಲ್ಲ.

ಪ್ರತಿ ಜಾಕೆಟಿಗೂ ಒಂದು ಹಸಿರು ಚೀಟಿ ತೂಗುತ್ತಿರುತ್ತದೆ. ಇಪ್ಪತ್ತೆಂಟು ಹಳೆ ಪ್ಲಾಸ್ಟಿಕ್ ಬಾಟಲಿಗಳಿಂದ ಇದನ್ನು ತಯಾರಿಸಲಾಗಿದೆ, ಭೂಮಿಯನ್ನು ಉಳಿಸಿದ್ದಕ್ಕೆ ನಿಮಗೆ ಧನ್ಯವಾದ ಎಂದು.

ಜುಲೈ 9, ಬುಧವಾರ

ಮುಂದಿನ ವರ್ಷ ಜುಲೈ 19ರಿಂದ ಯುರೋಪಿನ ದೊಡ್ಡ ಕಂಪನಿಗಳು ಮಾರಾಟವಾಗದ ಬಟ್ಟೆಯನ್ನು ನಾಶಮಾಡುವಂತಿಲ್ಲ. ಕಾನೂನು ಆಗಿದೆ. ಹೇಳಿದ್ದು ಮಗಳು ಸ್ಟೇಸಿ, ಶಾಲೆಯ ಪ್ರಾಜೆಕ್ಟಿಗೆ ಓದಿದ್ದಂತೆ. ನಾನೂ ಹುಡುಕಿ ನೋಡಿದೆ. ನಿಜ.

"ಸೋ ದೇ ಆರ್ ಡಂಪಿಂಗ್ ಇಟ್ ಆನ್ ಯೂ ಬಿಫೋರ್ ದಟ್, ಮಮ್ಮಾ," ಎಂದಳು.

"ಡಂಪಿಂಗ್ ಅಲ್ಲ, ಮರುಬಳಕೆ," ಎಂದೆ. "ಹತ್ತಿಯಂತೆ ಮಾಡಿ ಗೋಡೆಗೆ ತುಂಬಿಸ್ತಾರೆ."

"ಹ್ಯಾವ್ ಯು ಸೀನ್ ಇಟ್?"

ನೋಡಿಲ್ಲ.

ತಟ್ಟೆ ತೊಳೆಯುತ್ತಿದ್ದ ನನ್ನ ಗಂಡ ಮಾರ್ಸೆಲ್ ಅಲ್ಲಿಂದಲೇ, "ನಿನ್ನ ತಾಯಿ ಕಾಣದ್ದನ್ನು ನಂಬುವುದು ಇಗರ್ಜಿಯಲ್ಲಿ ಮಾತ್ರ ಅಂದ್ಕೊಂಡಿದ್ದೆ," ಎಂದ. ಅವನು ಕೆಲಸಕ್ಕಿದ್ದ ಹೋಟೆಲು ರಿಪೇರಿಗೆಂದು ಮುಚ್ಚಿದ ಮೇಲೆ ನಾಲ್ಕು ತಿಂಗಳಿಂದ ಅಡುಗೆಮನೆ ಅವನದು. ಅವನ ವೀಸಾ ಈಗ ನನ್ನ ಮೇಲೆ, ಸ್ಟೇಸಿಯದೂ ನನ್ನ ಮೇಲೆ. ನನ್ನ ಕೆಲಸ ಹೋದರೆ ಮೂವರದೂ ಹೋಗುತ್ತದೆ. ಅವಳ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ, ಇಲ್ಲಿಯ ಶಾಲೆಯಲ್ಲಿ. ಅದು ಮುಗಿಯುವವರೆಗೆ ನಾನು ಕದಲುವಂತಿಲ್ಲ.

ಜುಲೈ 22, ಮಂಗಳವಾರ

ಫೋಟೋ ಸುಳ್ಳು. ಕಂಡುಹಿಡಿದವಳು ನಾನು, ಇವತ್ತು ಬೆಳಿಗ್ಗೆ 11ಕ್ಕೆ.

ಜಾಕೆಟಿನ ಸರ್ಟಿಫಿಕೇಟ್ ಸಹಿಗೆ ಬಂತು. ಶೇಕಡಾ ನೂರು ಮರುಬಳಕೆ ಎಂದು ಬರೆದಿದೆ. ಜೊತೆಗೆ ಮರುಬಳಕೆ ಕಾರ್ಖಾನೆಯ ಅಂಗಳದಲ್ಲಿ ಮೂಟೆ ಪೇರಿಸಿದ್ದು ಎಂದು ಒಂದು ಫೋಟೋ. ಕೆಳಗೆ ಬಲಮೂಲೆ ವಿಚಿತ್ರವಾಗಿ ಕಂಡಿತು. ಮೂಟೆಯೊಂದು ಅರ್ಧಕ್ಕೆ ತುಂಡಾದಂತಿತ್ತು. ಎಲ್ಲೋ ನೋಡಿದ್ದೇನೆ ಅನ್ನಿಸಿತು. ನನ್ನ ಫೋನಿನಲ್ಲಿ ಹಳೆಯದೆಲ್ಲ ಇದೆ. ಹುಡುಕಿದರೆ ಸಿಕ್ಕಿತು: ಕಳೆದ ನವೆಂಬರ್ 12, ಬೇರೊಬ್ಬ ಗಿರಾಕಿಯ ಪರದೆ ಬಟ್ಟೆಯ ಕೆಲಸ, ನಮ್ಮದೇ ಅಂಗಳದಲ್ಲಿ ನಾನೇ ತೆಗೆದದ್ದು. ಅದೇ ಮೂಟೆಗಳು, ಮೇಲಿನ ನೀಲಿ ತಾಡಪತ್ರಿಯೂ ಅದೇ. ಬಲಮೂಲೆಯಲ್ಲಿ ನಾನಿಟ್ಟ ಪೇಪರ್. ಆ ಪೇಪರನ್ನು ಕತ್ತರಿಸಿ ತೆಗೆದಿದ್ದಾರೆ.

ಎರಡನ್ನೂ ಶರ್ವಿನ್‌ನ ಮೇಜಿನ ಮೇಲೆ ಇಟ್ಟೆ.

ನೋಡಿದ. ಕುರ್ಚಿ ಎಳೆದು, "ಕೂತ್ಕೊಳ್ಳಿ ಆಂಟಿ," ಎಂದ.

"ಕೂತ್ಕೊಳ್ಳುವುದು ಬೇಡ. ಜಾಕೆಟ್ ಎಲ್ಲಿ ಹೋಯಿತು?"

"ಕಾರ್ಖಾನೆಯವರು ತಗೊಳ್ಳಿಲ್ಲ. ಜಿಪ್ಪು, ಬಟನ್ನು, ರಬ್ಬರು ಎಲ್ಲ ಬೇರೆ ಮಾಡಿ ಕೊಡಿ ಅಂದ್ರು. ಅದಕ್ಕೆ ಜನ ಹಾಕಿದ್ರೆ ಗಿಟ್ಟುವುದಿಲ್ಲ. ಕಂಟ್ರಾಕ್ಟರ್ ಕೊಂಡುಹೋಗಿದ್ದಾನೆ. ಖಲಾಸ್."

"ಕೊಂಡುಹೋಗಿ ಎಂತ ಮಾಡಿದ?"

"ಅದು ನಮ್ಮ ಗೇಟಿನ ಹೊರಗೆ ಆಂಟಿ. ನೀವು ಸಾಕ್ಷಿ ಹೇಳುವುದು ಎಣಿಕೆಗೆ. ಎಣಿಕೆ ಸರಿ ಉಂಟಲ್ಲ?"

ನನ್ನ ಪೇಪರನ್ನು ಕತ್ತರಿಸಿದ್ದಾರೆ. ಬೇರೆ ಎಲ್ಲಕ್ಕಿಂತ ಅದೇ ಉರಿಯುತ್ತಿದೆ.

ಜುಲೈ 24, ಗುರುವಾರ

ಸಹಿ ಹಾಕಿದೆ.

ಎಣಿಕೆ ಸರಿ ಇತ್ತು.

ಆಗಸ್ಟ್ 2, ಶನಿವಾರ

ನಿನ್ನೆ ಅಬುಧಾಬಿ ಕಡೆಯ ಸ್ವೈಹಾನ್‌ನಲ್ಲಿ ತಾಪಮಾನ ಐವತ್ತೊಂದು ದಾಟಿತು. ಹವಾಮಾನ ಕೇಂದ್ರ ಹೇಳಿದ್ದು, ಇವತ್ತಿನ ಪೇಪರಿನಲ್ಲಿದೆ. ಅದೇ ಪೇಪರನ್ನು ಹೊಸ ಮಾಲಿನ ಮೇಲೆ ಇಟ್ಟು ಫೋಟೋ ತೆಗೆದೆ. ನಾಲ್ಕು ಕಂಟೇನರ್, 3,200 ಪೆಟ್ಟಿಗೆ, 38,400 ಚಳಿ ಜಾಕೆಟ್. ಅದೇ ಗಿರಾಕಿ, ಅದೇ ಹಸಿರು ಚೀಟಿ. ಈ ಸಲ ಮಕ್ಕಳದೂ ಇವೆ. ಎರಡು ವರ್ಷದ ಮಗುವಿನದಕ್ಕೆ ಟೋಪಿಯಲ್ಲಿ ಕರಡಿಯ ಕಿವಿ ಹೊಲಿದಿದ್ದಾರೆ.

ಕತ್ತರಿಸುವವರು ಈಗ ಐದು ಜನ. ಧರ್ಮಪಾಲನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಐವರ ಹೆಸರೂ ಇವತ್ತು ಬರೆದುಕೊಂಡೆ. ಏಳು ವರ್ಷದಿಂದ ನನ್ನ ಹಾಳೆಯಲ್ಲಿ ಅವರು ಕಟರ್ 1, ಕಟರ್ 2 ಎಂದಷ್ಟೇ ಇದ್ದರು.

ಇಪ್ಪತ್ತನೆಯ ತಾರೀಕಿಗೆ ಗಿರಾಕಿಯ ಆಡಿಟರ್ ಬರುತ್ತಾರಂತೆ. ಅಷ್ಟರೊಳಗೆ ಗೋದಾಮು ಖಾಲಿಯಾಗಬೇಕು ಎಂದು ಶರ್ವಿನ್ ಹೇಳಿದ. ಐದು ಜನ ಕತ್ತರಿಸಿದರೆ ಎರಡು ತಿಂಗಳಿನ ಕೆಲಸ. ಅದನ್ನು ಅವನಿಗೆ ಬರೆದು ಕಳಿಸಿದೆ. ಬಂದ ಉತ್ತರ ಒಂದೇ ಪದ: ಮ್ಯಾನೇಜ್.

ಆಗಸ್ಟ್ 7, ಗುರುವಾರ

ಲಾರಿಗಳು ನಿನ್ನೆಯಿಂದ ಹೋಗುತ್ತಿವೆ. ಕತ್ತರಿಸಿ ಮುಗಿದದ್ದು ನಾಲ್ಕು ಸಾವಿರವೂ ಇಲ್ಲ, ಲಾರಿ ಹತ್ತಿದ್ದು ಹನ್ನೊಂದು ಸಾವಿರ. ನೋಡಿದವಳು ನಾನೇ. ಗೇಟ್‌ಪಾಸಿನಲ್ಲಿ "ನಾಶಪಡಿಸಿದ ಮಾಲು" ಎಂದೇ ಬರೆಯಲು ಹೇಳಿದ್ದಾರೆ.

ಅಬೂಬಕ್ಕರ್ ಅವರನ್ನು ಕೇಳಿದೆ: ಎಲ್ಲಿಗೆ?

"ಬಾಯಮ್ಮನಿಗೆ ಯಾಕೆ ಅದು? ನಿಮಗೆ ಎಣಿಸುವುದಲ್ವಾ ಕೆಲಸ."

"ಎಣಿಸ್ಲಿಕ್ಕೇ ಕೇಳಿದ್ದು."

ಶೆಡ್ಡಿನ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು. "ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹೊರಗೆ ನಿಲ್ಲಿ. ಪಿಕಪ್ ತರ್ತೇನೆ. ನಿಮ್ಮ ಮಾರ್ಸೆಲ್ ಪೊರ್ಬುಗಳನ್ನೂ ಕರ್ಕೊಳ್ಳಿ, ಇಲ್ಲದಿದ್ರೆ ನನ್ನ ಹಲೀಮ ಮನೆ ಬಾಗಿಲು ತೆಗೀಲಿಕ್ಕಿಲ್ಲ."

ಆಗಸ್ಟ್ 10, ಭಾನುವಾರ

ಜಾಕೆಟ್‌ಗಳು ಒಂದು ಗುಂಡಿಯಲ್ಲಿವೆ. ನಾನು ನೋಡಿದೆ. ಮಾರ್ಸೆಲ್ ನೋಡಿದ, ಅಬೂಬಕ್ಕರ್ ನೋಡಿದರು. ಮೂವರು ಸಾಕ್ಷಿ.

ಅಬುಧಾಬಿ ಕಡೆ ಹೋಗುವ ದಾರಿಯಲ್ಲಿ ಹೆದ್ದಾರಿ ಬಿಟ್ಟು ಮರಳು ರಸ್ತೆಯಲ್ಲಿ ಇಪ್ಪತ್ತು ನಿಮಿಷ. ಹಿಂದೆ ಜಲ್ಲಿ ತೆಗೆಯುತ್ತಿದ್ದ ಜಾಗ, ಈಗ ಕಂಟ್ರಾಕ್ಟರನ ಯಾರ್ಡು. ಬೇಲಿಯಿದೆ, ಗೇಟಿಲ್ಲ. ಕಾವಲುಗಾರ ತನ್ನ ಕ್ಯಾಬಿನ್ನಿನಿಂದ ಹೊರಬರಲಿಲ್ಲ. ಬ್ಯಾರಿ ಲಾರಿಯ ಜೊತೆ ದಿನಾ ಬರುವವರು ಎಂದು ಕೈ ಎತ್ತಿದ ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೇ ಪಿಕಪ್ಪಿನ ಬಾಗಿಲು ಮುಟ್ಟಲಾಗುತ್ತಿರಲಿಲ್ಲ.

ಗುಂಡಿ ನಮ್ಮ ಊರಿನ ಫುಟ್‌ಬಾಲ್ ಮೈದಾನದಷ್ಟಿತ್ತು. ಅದರ ಅರ್ಧ ತುಂಬಿತ್ತು. ಜಾಕೆಟ್ ಮಾತ್ರವಲ್ಲ. ಪೆಟ್ಟಿಗೆ ಬಿಚ್ಚದ ಟೋಸ್ಟರು, ಜೋಡಿ ಕಟ್ಟಿದ ಶೂ, ಪ್ಲಾಸ್ಟಿಕ್ ಕ್ರಿಸ್ಮಸ್ ಮರ, ಮಕ್ಕಳ ಕಾರ್ ಸೀಟು. ಎಲ್ಲಕ್ಕೂ ಚೀಟಿ ನೇತಾಡುತ್ತಿತ್ತು. ಇಷ್ಟು ಹೊಸ ಸಾಮಾನು ಒಟ್ಟಿಗೆ ನಾನು ನೋಡಿರುವುದು ಮಾಲ್‌ನಲ್ಲಿ ಮಾತ್ರ. ಒಂದು ಕಡೆ ಬೆಂಕಿ ಹಾಕಿದ್ದರು. ಜ್ವಾಲೆ ಕಾಣುತ್ತಿರಲಿಲ್ಲ, ಕಪ್ಪು ಹೊಗೆ ಮಾತ್ರ; ಪಾಲಿಯೆಸ್ಟರ್ ಕರಗಿ ಮರಳಿನ ಮೇಲೆ ಗಟ್ಟಿಯಾಗಿ ಡಾಂಬರಿನಂತೆ ಹೊಳೆಯುತ್ತಿತ್ತು. ಹಸಿರು ಚೀಟಿಗಳು ಗಾಳಿಗೆ ಹಾರಿ ಬೇಲಿಯ ಉದ್ದಕ್ಕೂ ಸಿಕ್ಕಿಕೊಂಡಿದ್ದವು.

ಮಾರ್ಸೆಲ್ ಬಾಯಿಗೆ ಕರವಸ್ತ್ರ ಹಿಡಿದು ನಿಂತಿದ್ದ. "ಇದನ್ನೆಲ್ಲ ಕೈಯಿಂದ ಯಾರೋ ಹೊಲಿದಿದ್ದಾರಲ್ಲ ಬೆಟ್ಟಿ," ಎಂದ.

"ಬಾಂಗ್ಲಾದಲ್ಲಿ," ಎಂದರು ಬ್ಯಾರಿ. "ನಮ್ಮ ಶೆಡ್ಡಿನ ಕರೀಮನ ಹೆಂಡತಿ ಜಾಕೆಟ್ ಫ್ಯಾಕ್ಟ್ರಿಯಲ್ಲಿ ಜಿಪ್ ಹಚ್ಚುವುದು. ಆರು ದಿನ ಅವಳು ಜಿಪ್ ಹಚ್ಚುವುದು, ಆರು ದಿನ ಇವನು ಹರಿಯುವುದು. ನಗಾಡ್ತಾನೆ ಅವನು, ನಮ್ಮದು ಒಳ್ಳೆ ಸಂಸಾರ ಅಂತ."

ನಮಗೆ ಯಾರಿಗೂ ನಗು ಬರಲಿಲ್ಲ.

ಇದು ಯಾರ ತಪ್ಪು ಎಂದು ದಾರಿಯಿಡೀ ಯೋಚಿಸಿದೆ. ಕಾವಲುಗಾರನನ್ನು ಕೇಳಿದರೆ ಕಂಟ್ರಾಕ್ಟರ್ ಎನ್ನುತ್ತಾನೆ. ಕಂಟ್ರಾಕ್ಟರ್ ಶರ್ವಿನ್ ಎನ್ನುತ್ತಾನೆ, ಶರ್ವಿನ್ ಗಿರಾಕಿ ಎನ್ನುತ್ತಾನೆ, ಗಿರಾಕಿ ಮಾರುಕಟ್ಟೆ ಎನ್ನುತ್ತಾನೆ. ಮಾರುಕಟ್ಟೆಗೆ ಫೋನ್ ನಂಬರ್ ಇಲ್ಲ. ಪ್ರತಿಯೊಬ್ಬನೂ ತನ್ನ ಗೇಟಿನವರೆಗಿನದಕ್ಕೆ ಮಾತ್ರ ಲೆಕ್ಕ ಕೊಡುತ್ತಾನೆ. ಗೇಟಿನ ಆಚೆಗೆ ಇರುವುದು ಈ ಗುಂಡಿ. ಎಲ್ಲ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತಪ್ಪೂ ಸಿಗುವುದಿಲ್ಲ. ನಾನೇ ಬರೆದ ಕಾಗದಗಳು, ಅದಕ್ಕೇ ಗೊತ್ತು.

ಚೀಲದಲ್ಲಿ ಇವತ್ತಿನ ಪೇಪರ್ ಇತ್ತು. ಅಭ್ಯಾಸ, ರಾಶಿ ಕಂಡರೆ ಕೈ ತಾನಾಗಿ ಹೋಗುತ್ತದೆ. ಜಾಕೆಟಿನ ಮೇಲೆ ಇಟ್ಟು, ಹಾರದಂತೆ ಒಂದು ಟೋಸ್ಟರ್ ಹೇರಿ, ಫೋಟೋ ತೆಗೆದೆ. ನಾಲ್ಕೂ ಕಡೆಯಿಂದ. ಹೊಗೆಯ ಹತ್ತಿರವೂ. ಒಟ್ಟು ಇಪ್ಪತ್ತಾರು. ಪೆಟ್ಟಿಗೆಯ ನಂಬರುಗಳೂ ಕಾಣುವಂತೆ.

ರಾಶಿಯಲ್ಲಿ ಹೆಚ್ಚಿನವು ಕತ್ತರಿಸದವು. ಕಡು ನೀಲಿ, ಎಲ್ ಸೈಜು ಒಂದು ಮೇಲೇ ಇತ್ತು. ಮರಳು ಕೊಡವಿ ಪಿಕಪ್ಪಿನಲ್ಲಿ ಹಾಕಿಕೊಂಡೆ. ಬರುವ ದಾರಿಯಲ್ಲಿ ಕೋಲ್ಡ್ ಸ್ಟೋರಿನವರ ಕ್ಯಾಂಪಿನ ಹತ್ತಿರ ಪಿಕಪ್ ನಿಲ್ಲಿಸಿ ಚಂದುವಿಗೆ ಕೊಟ್ಟೆವು. ತೆಳ್ಳಗಿನ ಮನುಷ್ಯ, ಬೆರಳ ತುದಿಗಳು ಬಿಳಿಚಿಕೊಂಡಿವೆ. ಹಾಕಿ ನೋಡಿದ. ಆ ಬಿಸಿಲಲ್ಲಿ ಜಿಪ್ ಎಳೆದು ಕುತ್ತಿಗೆಯವರೆಗೆ ಮುಚ್ಚಿ, "ಸರಿ ಆಗ್ತದೆ ಬಾಯಮ್ಮ," ಎಂದ. ಭುಜ ಸ್ವಲ್ಪ ದೊಡ್ಡದಾಯಿತು. ಎಮ್ ಸೈಜು ನೋಡಬೇಕಿತ್ತು.

ಆಗಸ್ಟ್ 13, ಬುಧವಾರ

ಎರಡನೆಯ ಸರ್ಟಿಫಿಕೇಟ್ ಬಂತು. 38,400, ಶೇಕಡಾ ನೂರು ಕತ್ತರಿಸಲಾಗಿದೆ, ಶೇಕಡಾ ನೂರು ಮರುಬಳಕೆ. ಮೂಲೆ ಕತ್ತರಿಸಿದ ಅದೇ ಫೋಟೋ, ಈ ಸಲ ಎಡಬಲ ತಿರುಗಿಸಿದ್ದಾರೆ. ಸಹಿ ಹಾಕಿಲ್ಲ. ಮೇಜಿನಲ್ಲಿ ಇಟ್ಟು ಬಂದೆ.

ಆಗಸ್ಟ್ 14, ಗುರುವಾರ

ಶರ್ವಿನ್ ಕರೆಸಿದ. ಬಾಗಿಲು ಮುಚ್ಚಿದ.

"ಆಂಟಿ, ಗುಂಡಿಗೆ ಹೋಗಿದ್ರಂತೆ."

"ಹೌದು."

"ಯಾಕೆ?"

"ಶೇಕಡಾ ನೂರು ಅಂತ ಬರ್ದದ್ದು ಎಲ್ಲಿ ಉಂಟು ಅಂತ ನೋಡ್ಲಿಕ್ಕೆ."

ನೀರು ಕುಡಿದ. ಕಣ್ಣಿನ ಕೆಳಗೆ ಕಪ್ಪಾಗಿದೆ. ಅವನಿಗೂ ಮೇಲಿನಿಂದ ಒತ್ತಡ ಇರಬೇಕು. ಇರಲಿ. ಎಲ್ಲರಿಗೂ ಮೇಲಿನಿಂದ ಒತ್ತಡವೇ, ಕೆಳಗೆ ಒತ್ತಲು ಉಳಿದದ್ದು ನೆಲ ಮಾತ್ರ.

"ಸೈನ್ ಮಾಡಿ ಆಂಟಿ. ನಿಮ್ಮ ಕಾಂಟ್ರಾಕ್ಟ್ ಸೆಪ್ಟೆಂಬರ್‌ನಲ್ಲಿ ರಿನ್ಯೂ ಆಗ್ಬೇಕು. ಸ್ಟೇಸಿಯ ಎಕ್ಸಾಮ್ ಉಂಟು. ಮಾರ್ಸೆಲ್ ಅಂಕಲ್ ಮನೆಯಲ್ಲಿದ್ದಾರೆ. ನಾನು ಹೆದರಿಸುವುದಲ್ಲ, ಇದ್ದದ್ದು ಹೇಳುವುದು."

"ಎಣಿಕೆ ತಪ್ಪಿದೆ. ಸಹಿ ಹಾಕ್ಲಿಕ್ಕೆ ಆಗುವುದಿಲ್ಲ."

ಆಗ ಅವನು ನಕ್ಕ. "ಧರ್ಮಪಾಲ ಒಂದು ಜಾಕೆಟ್ ತೆಗೆದಾಗ ರಿಪೋರ್ಟ್ ಬರ್ದದ್ದು ನೀವೇ ಅಲ್ವಾ? ಆಗ ಕಂಪನಿಯ ರೂಲ್ಸ್ ಬೇಕಿತ್ತು ನಿಮಗೆ."

ಎಂಥ ಮಾತು! ಆಗಲೂ ಇದ್ದದ್ದನ್ನು ಬರೆದೆ, ಈಗಲೂ ಇದ್ದದ್ದನ್ನು ಬರೆಯುತ್ತೇನೆ. ನಾನು ಬದಲಾಗಿಲ್ಲ.

ಅವರ ಕಂಪನಿಯಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ, ಒಂದು ದಿನವೂ ತಡವಾಗಿ ಬಂದವಳಲ್ಲ.

ಆಗಸ್ಟ್ 15, ಶುಕ್ರವಾರ

ಮಾರ್ಸೆಲ್ ಜೊತೆ ಜಗಳ.

"ನಿನ್ನ ಅಪ್ಪ ಪೇಪರ್ ಮಾರಿದ್ದು, ಬರೆದದ್ದಲ್ಲ," ಎಂದ. "ನೀನು ಸಹಿ ಹಾಕದಿದ್ರೆ ಆ ಗುಂಡಿ ಮುಚ್ಚಿಹೋಗ್ತದಾ? ಇನ್ನೊಬ್ಬಳು ಬಂದು ಹಾಕ್ತಾಳೆ. ಜಗತ್ತು ಉಳಿಸ್ಲಿಕ್ಕೆ ಅಲ್ ಮುರಕ್ಕಬಾತ್‌ನ ಬೆಟ್ಟಿಯೇ ಬೇಕಾ?"

"ನಾನು ಜಗತ್ತು ಉಳಿಸ್ತೇನೆ ಅಂತ ಎಲ್ಲಿ ಹೇಳಿದೆ? ಅದು ಅವರ ಹಸಿರು ಚೀಟಿಯಲ್ಲಿ ಬರೆದದ್ದು. ನನ್ನ ಹೆಸರು ಹಾಕಿ ಸುಳ್ಳು ಹೇಳ್ಬೇಡಿ ಅಂದೆ, ಅಷ್ಟೇ."

ಸ್ಟೇಸಿ ಕೋಣೆಯಿಂದ ಬಂದು ನಡುವೆ ನಿಂತಳು. ಪರೀಕ್ಷೆಯನ್ನು ಮಂಗಳೂರಿನಲ್ಲಿ ಬರೆಯಲಾಗುತ್ತದೆಯೇ ಎಂದು ಶಾಲೆಗೆ ಮೇಲ್ ಮಾಡಿದ್ದಾಳಂತೆ, ನಮ್ಮನ್ನು ಕೇಳದೆ. "ದೇ ಸೆಡ್ ಇಟ್ಸ್ ಟೂ ಲೇಟ್ ಟು ಚೇಂಜ್ ದಿ ಸೆಂಟರ್," ಎಂದಳು. ಆಮೇಲೆ ಕನ್ನಡದಲ್ಲಿ, "ಆದ್ರೂ ನೀನು ಹಾಕ್ಬೇಡ."

ಮಾರ್ಸೆಲ್ ಊಟ ಮಾಡದೆ ಹೊರಗೆ ಹೋದ.

ಆಗಸ್ಟ್ 16, ಶನಿವಾರ

ಧರ್ಮಪಾಲನಿಗೆ ಫೋನ್ ಮಾಡಿದೆ. ನಂಬರ್ ಕೊಟ್ಟದ್ದು ಅಬೂಬಕ್ಕರ್. ಉಜಿರೆಯಲ್ಲಿ ಒಂದು ಟಯರ್ ಅಂಗಡಿಯಲ್ಲಿದ್ದಾನೆ. ಹಿಂದೆ ಗಾಳಿ ತುಂಬಿಸುವ ಸದ್ದು ಕೇಳುತ್ತಿತ್ತು.

ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ. ಓದಲಾಗಲಿಲ್ಲ. ಚಂದುವಿಗೆ ಜಾಕೆಟ್ ತಲುಪಿದೆ ಎಂದೆ.

"ಹೇಳಿದ ಅವನು." "ಈಗ ಎಣಿಕೆ ಹೇಗೆ ಸರಿ ಮಾಡ್ತೀರಿ ಬಾಯಮ್ಮ?"

ಗಿರಾಕಿ ಬಂದರೆಂದು ಫೋನ್ ಇಟ್ಟ.

ಆಗಸ್ಟ್ 19, ಮಂಗಳವಾರ

38,400ರಲ್ಲಿ ಕತ್ತರಿಸಿದ್ದು 6,150. ಉಳಿದ 32,250 ಇಡಿಯಾಗಿ ಗೇಟು ದಾಟಿವೆ. ಮೂಲ: ಶೆಡ್ಡಿನ ದಿನದ ಹಾಳೆಗಳು. ಐವರೂ ತಮ್ಮ ತಮ್ಮ ಹಾಳೆಯ ಮೇಲೆ ಹೆಸರು ಬರೆದು ಕೊಟ್ಟಿದ್ದಾರೆ, ಕರೀಮ ಬಂಗಾಳಿಯಲ್ಲಿ. ಅಬೂಬಕ್ಕರ್ ಎಲ್ಲದರ ಕೆಳಗೆ ಸಹಿ ಹಾಕಿದರು. ನಿಮಗೆ ಇದು ಬೇಡ, ಹಲೀಮ ಬೈಯುತ್ತಾರೆ ಎಂದೆ. "ಅವಳಿಗೆ ಎಣಿಸ್ಲಿಕ್ಕೆ ಬರುವುದಿಲ್ಲ ಬಾಯಮ್ಮ," ಎಂದರು.

ಫೋಟೋಗಳ ಪ್ರಿಂಟ್ ಬಂದಿದೆ. ತಂದವನು ಮಾರ್ಸೆಲ್. ಬೆಳಿಗ್ಗೆಯಿಂದ ಬೈಯುತ್ತಲೇ ಇದ್ದ, ಬೈಯುತ್ತಲೇ ಕೆಳಗಿನ ಸ್ಟೇಶನರಿ ಅಂಗಡಿಗೆ ಹೋದ. ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಪ್ಲಾಸ್ಟಿಕ್ ಹಾಳೆಗಳಿಗೆ ಸೇರಿಸಿದ್ದಾನೆ. ನವೆಂಬರ್ 12ರದ್ದು ಮೊದಲು, ಅದರ ಎದುರಿಗೆ ಮೂಲೆ ಕತ್ತರಿಸಿದ್ದು. ಕೊನೆಯಲ್ಲಿ ಗುಂಡಿಯ ಇಪ್ಪತ್ತಾರು. ಎಲ್ಲದರಲ್ಲೂ ಪೇಪರಿನ ತಾರೀಕು ಓದಲು ಬರುತ್ತದೆ, ಆ ಒಂದನ್ನು ಬಿಟ್ಟು. ಜುಲೈ 24ರಂದು ನಾನು ಸಹಿ ಹಾಕಿದ ಸರ್ಟಿಫಿಕೇಟಿನ ಪ್ರತಿಯೂ ಫೈಲಿನಲ್ಲಿದೆ. ತೆಗೆಯುವುದಾ ಎಂದು ಮಾರ್ಸೆಲ್ ಕೇಳಿದ. ಬೇಡ ಎಂದೆ.

ಗುಂಡಿಯ ಎಣಿಕೆಯಲ್ಲಿ ಒಂದು ಜಾಕೆಟ್ ಕಡಿಮೆ ಬರುತ್ತದೆ. ಕಡು ನೀಲಿ, ಎಲ್ ಸೈಜು. ತೆಗೆದವಳು ನಾನು ಎಂದು ತಾರೀಕು ಹಾಕಿ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ. ನಾಲ್ಕು ಸಾಲು.

ಆಡಿಟರ್ ನಾಳೆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಾರೆ. ಡಾಕ್ಯುಮೆಂಟ್ ಫೈಲನ್ನು ಅವರ ಕೈಗೆ ಕೊಡುವುದು ನನ್ನ ಕೆಲಸ. ಬಸ್ಸು 6.40ಕ್ಕೆ. ಅದಕ್ಕೆ ಮುಂಚೆ ಪೇಪರ್ ತೆಗೆದುಕೊಳ್ಳಬೇಕು.